ತೋಟದ ಮಿನಿ ಟ್ರ್ಯಾಕ್ಟರು ಮತ್ತು ಭಾರೀ ಉಪಕರಣಗಳು: ಖರೀದಿಗೆ ಮುನ್ನ ಬಾಳಿಕೆಯ ಪರಿಶೀಲನೆ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಸರಕು ಮತ್ತು ಸೇವಾ ತೆರಿಗೆ ಮಂಡಳಿಯ 56ನೇ ಸಭೆಯು 2025ರ ಸೆಪ್ಟೆಂಬರ್ 3ರಂದು ಕೈಗೊಂಡ ತೀರ್ಮಾನದ ಮೇರೆಗೆ, ಕೃಷಿ ಟ್ರ್ಯಾಕ್ಟರುಗಳ ಮೇಲಿನ ತೆರಿಗೆಯು ಅದೇ ತಿಂಗಳ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುತ್ತದೆ. ಟ್ರ್ಯಾಕ್ಟರಿನ ಟೈರು, ಟ್ಯೂಬು ಹಾಗೂ ಹಲವು ಬಿಡಿಭಾಗಗಳ ಮೇಲಿನ ತೆರಿಗೆಯು ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ ಹೊರತಾಗಿ ರೂ. 4,00,000 ಬೆಲೆಯ ಯಂತ್ರವೊಂದಕ್ಕೆ ಮೊದಲು ರೂ. 4,48,000 ಪಾವತಿಸಬೇಕಾಗಿದ್ದಲ್ಲಿ ಈಗ ರೂ. 4,20,000 ಸಾಕಾಗುತ್ತದೆ. ಉಳಿದ ರೂ. 28,000ವನ್ನು ಸೇರಿಸಿ ಇನ್ನೂ ಅಗಲವಾದ ರೋಟವೇಟರನ್ನೋ, ಇನ್ನೂ ದೊಡ್ಡ ಟ್ರೈಲರನ್ನೋ ಕೊಳ್ಳುವ ವಿಚಾರ ಸಹಜವಾಗಿಯೇ ಬರುತ್ತದೆ. ಆದರೆ ಸಣ್ಣ ಟ್ರ್ಯಾಕ್ಟರಿನ ಬಾಳಿಕೆ ಕುಂದುವುದು ಹೆಚ್ಚಾಗಿ ಇಲ್ಲಿಯೇ. ಟ್ರ್ಯಾಕ್ಟರನ್ನು ಒಂದು ಅಂಗಡಿಯಲ್ಲಿ, ಉಪಕರಣವನ್ನು ಇನ್ನೊಂದು ಅಂಗಡಿಯಲ್ಲಿ ಬೇರೆ ಬೇರೆಯಾಗಿ ನೋಡಿ ಒಪ್ಪಿಕೊಂಡರೆ, ಅವೆರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಯಾರೂ ನೋಡಿದಂತಾಗುವುದಿಲ್ಲ.

ಸಹಾಯಧನದ ದೃಷ್ಟಿಯಿಂದಲೂ ಇದು ಮುಖ್ಯವಾದ ವಿಷಯ. ಒಮ್ಮೆ ಸಹಾಯಧನ ಪಡೆದ ಯಂತ್ರಕ್ಕೆ ಮಾರ್ಗಸೂಚಿಯಲ್ಲಿ ನಿಗದಿಪಡಿಸಿದ ಅವಧಿಯೊಳಗೆ ಮತ್ತೊಮ್ಮೆ ಸಹಾಯಧನ ದೊರೆಯುವುದಿಲ್ಲ. ಎರಡನೆಯ ಮಳೆಗಾಲದಲ್ಲಿ ಗೇರ್‌ಬಾಕ್ಸ್ ಒಡೆದರೆ ಅದರ ವೆಚ್ಚ ಸಂಪೂರ್ಣವಾಗಿ ರೈತರ ಮೇಲೆಯೇ ಬೀಳುತ್ತದೆ.

ಮಲೆನಾಡಿಗೆ ಸಣ್ಣ ಯಂತ್ರ ಏಕೆ

ಅಡಿಕೆಗೆ ಶಿಫಾರಸು ಮಾಡಲಾದ ಅಂತರ 2.7 ಮೀಟರ್ × 2.7 ಮೀಟರ್, ಅಂದರೆ ಸುಮಾರು 9 ಅಡಿ. ಈ ಅಂತರದಲ್ಲಿಯೇ ಮರದ ಬುಡ, ಹಬ್ಬಿಸಿದ ಕಾಳುಮೆಣಸು, ನಡುವೆ ಬಾಳೆ ಅಥವಾ ಏಲಕ್ಕಿ, ನೀರಿನ ಪೈಪು ಹಾಗೂ ಬಸಿಗಾಲುವೆ ಇರುತ್ತವೆ. ಹಳೆಯ ತೋಟಗಳಲ್ಲಿ ಸಾಲುಗಳೂ ಒಂದೇ ಅಳತೆಯಲ್ಲಿರುವುದಿಲ್ಲ. ಇಂತಹ ಕಡೆ ದೊಡ್ಡ ಟ್ರ್ಯಾಕ್ಟರು ತಿರುಗಲಾರದು. ಗದ್ದೆಗಳಾದರೂ ಕಣಿವೆಯ ಮೆಟ್ಟಿಲು ಗದ್ದೆಗಳು. ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ, ಹುಲಿಕಲ್ ಹೊಸನಗರ ತಾಲ್ಲೂಕಿನಲ್ಲಿಯೂ ಇರುವುದನ್ನು ನೆನೆದರೆ ಮಳೆಯ ಪ್ರಮಾಣವನ್ನು ವಿವರಿಸುವ ಅವಶ್ಯಕತೆ ಇಲ್ಲ.

ಈ ಕಾರಣದಿಂದಲೇ ಇಲ್ಲಿ ಮೊದಲು ಬಂದು ನೆಲೆಸಿದ್ದು ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ಆರಂಭವಾದ ವಿ.ಎಸ್.ಟಿ. ಸಂಸ್ಥೆ ಹಾಗೂ 1973ರಲ್ಲಿ ಸ್ಥಾಪನೆಯಾದ ಕೇರಳ ಸರ್ಕಾರದ ಕಾಮ್ಕೋ ಸಂಸ್ಥೆಯ ಟಿಲ್ಲರುಗಳು ಮಲೆನಾಡಿನ ರೈತರಿಗೆ ಪರಿಚಿತವಾದವು. ಟಿಲ್ಲರಿನ ಹಿಂದೆ ನಡೆಯುವ ಶ್ರಮ ಹಾಗೂ ಕೂಲಿಯಾಳುಗಳ ಅಭಾವದಿಂದಾಗಿ, ಕುಳಿತು ನಡೆಸಬಹುದಾದ 15ರಿಂದ 28 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರುಗಳತ್ತ ಈಗ ಗಮನ ಹರಿದಿದೆ.

ಅಶ್ವಶಕ್ತಿಯ ಅಂಕಿಯನ್ನು ಮಾತ್ರ ನಂಬುವುದು ಸಾಲದು

ಕರಪತ್ರದ ಮೇಲೆ ದೊಡ್ಡದಾಗಿ ಮುದ್ರಿಸಿರುವುದು ಎಂಜಿನ್ನಿನ ಅಶ್ವಶಕ್ತಿ. ಉಪಕರಣಕ್ಕೆ ತಲುಪುವುದು ಹಿಂಬದಿಯ ಪಿ.ಟಿ.ಓ. ದಂಡದ ಶಕ್ತಿ, ಇದು ಯಾವಾಗಲೂ ಅದಕ್ಕಿಂತ ಕಡಿಮೆ. 2014-15ರಲ್ಲಿ ಆರಂಭಗೊಂಡು ಈಗ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಅಂಗವಾಗಿರುವ ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಮಾರ್ಗಸೂಚಿಯು ಟ್ರ್ಯಾಕ್ಟರುಗಳನ್ನು ಪಿ.ಟಿ.ಓ. ಅಶ್ವಶಕ್ತಿಯ ಆಧಾರದ ಮೇಲೆ ವಿಂಗಡಿಸಿದೆ. ಆದರೆ ಉಪಕರಣಗಳನ್ನು ವಿಂಗಡಿಸಿರುವುದು ಎಂಜಿನ್ನಿನ ಅಶ್ವಶಕ್ತಿಯ ಮೇಲೆ. ಎರಡು ಅಂಕಿಗಳನ್ನು ಅದಲುಬದಲು ಮಾಡಿಕೊಂಡರೆ ಅರ್ಜಿಯೂ ತಪ್ಪಾಗುತ್ತದೆ, ಜೋಡಣೆಯೂ ತಪ್ಪಾಗುತ್ತದೆ.

ಆದಾಗ್ಯೂ ಬಾಳಿಕೆಯನ್ನು ನಿರ್ಧರಿಸುವುದು ಶಕ್ತಿಗಿಂತ ಹೆಚ್ಚಾಗಿ ತೂಕ ಹಾಗೂ ಆ ತೂಕ ನಿಲ್ಲುವ ಸ್ಥಳ. ಒಂದು ಉದಾಹರಣೆಯನ್ನು ಪರಿಶೀಲಿಸಬಹುದಾಗಿದೆ. ಟ್ರ್ಯಾಕ್ಟರಿನ ತೂಕ 800 ಕಿ.ಗ್ರಾಂ.; ಇದರಲ್ಲಿ ಮುಂದಿನ ಅಚ್ಚಿನ ಮೇಲೆ 320, ಹಿಂದಿನ ಅಚ್ಚಿನ ಮೇಲೆ 480 ಕಿ.ಗ್ರಾಂ. ಎರಡು ಅಚ್ಚುಗಳ ನಡುವಿನ ದೂರ 1.5 ಮೀಟರ್. ಹಿಂದೆ 200 ಕಿ.ಗ್ರಾಂ. ತೂಕದ ರೋಟವೇಟರನ್ನು ಎತ್ತಿ ಹಿಡಿದಾಗ ಅದರ ಭಾರದ ಕೇಂದ್ರ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಕ್ಕೆ ಇದೆ ಎಂದಿಟ್ಟುಕೊಂಡರೆ, ಮುಂದಿನ ಅಚ್ಚಿನಿಂದ 160 ಕಿ.ಗ್ರಾಂ. ಕಡಿಮೆಯಾಗಿ ಹಿಂದಿನ ಅಚ್ಚಿಗೆ ಸೇರುತ್ತದೆ. ಹಿಂದಿನ ಅಚ್ಚಿನ ಮೇಲೆ ಈಗ 480 + 200 + 160, ಒಟ್ಟು 840 ಕಿ.ಗ್ರಾಂ. ಕಟ್ಟಿದ ಉಪಕರಣ 200 ಕಿ.ಗ್ರಾಂ.; ಹಿಂದಿನ ಅಚ್ಚು, ಬೇರಿಂಗು ಹಾಗೂ ಹೌಸಿಂಗಿನ ಮೇಲೆ ಹೆಚ್ಚಿದ ಭಾರ 360 ಕಿ.ಗ್ರಾಂ. ಮುಂದಿನ ಚಕ್ರಗಳ ಮೇಲೆ ಉಳಿದದ್ದು 160 ಕಿ.ಗ್ರಾಂ., ಅಂದರೆ ಟ್ರ್ಯಾಕ್ಟರಿನ ತೂಕದ ಶೇ. 20. ಸ್ಟೇರಿಂಗ್ ಹಿಡಿತದಲ್ಲಿರಲು ಸಾಮಾನ್ಯವಾಗಿ ಒಪ್ಪಿರುವ ಕನಿಷ್ಠ ಪ್ರಮಾಣ ಇದೇ ಆಗಿದೆ. ಇದು ಸಮತಟ್ಟಾದ ನೆಲದ ಲೆಕ್ಕ. ಏರಿನಲ್ಲಿ ಇದು ಇನ್ನೂ ಕಡಿಮೆಯಾಗುತ್ತದೆ.

ಇದೇ ಟ್ರ್ಯಾಕ್ಟರಿನ ಕರಪತ್ರದಲ್ಲಿ ಎತ್ತುವ ಸಾಮರ್ಥ್ಯ 750 ಕಿ.ಗ್ರಾಂ. ಎಂದು ಬರೆದಿರಬಹುದು. ಅದು ಸುಳ್ಳಲ್ಲ, ಆದರೆ ಕೆಳ ಲಿಂಕುಗಳ ತುದಿಯಲ್ಲಿ ಅಳೆದ ಅಂಕಿ. ಪರೀಕ್ಷಾ ಸಂಸ್ಥೆಗಳು ಲಿಂಕಿನ ತುದಿಯಿಂದ 610 ಮಿ.ಮೀ. ಹಿಂದಕ್ಕೆ ಭಾರವಿಟ್ಟು ಮತ್ತೊಮ್ಮೆ ಅಳೆಯುತ್ತವೆ. ಉಪಕರಣಗಳ ಭಾರವಿರುವುದು ಸುಮಾರಾಗಿ ಅಲ್ಲಿಯೇ ಆದುದರಿಂದ ಎರಡನೆಯ ಅಂಕಿಯೇ ರೈತರಿಗೆ ಉಪಯುಕ್ತವಾದದ್ದು. ಮೇಲಿನ ಲೆಕ್ಕದಲ್ಲಿ 400 ಕಿ.ಗ್ರಾಂ.ಗೇ ಮುಂದಿನ ಚಕ್ರಗಳು ನೆಲ ಬಿಡುತ್ತವೆ. ಹೈಡ್ರಾಲಿಕ್ ಎತ್ತಬಲ್ಲದು ಎಂಬುದರಿಂದ ಟ್ರ್ಯಾಕ್ಟರು ಹೊರಬಲ್ಲದು ಎಂದು ಅರ್ಥವಾಗುವುದಿಲ್ಲ.

ಕೊಳೆರೋಗದ ಜೊತೆಗೆ ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗವೂ ಈ ಮೂರೂ ತಾಲ್ಲೂಕುಗಳ ತೋಟಗಳನ್ನು ಬಾಧಿಸುತ್ತಿರುವುದರಿಂದ, ಹಿಂದೆ ಟ್ಯಾಂಕು ಕಟ್ಟಿಕೊಂಡು ಔಷಧಿ ಸಿಂಪಡಿಸುವ ವ್ಯವಸ್ಥೆಗೆ ಬೇಡಿಕೆ ಇದೆ. 300 ಲೀಟರ್ ದ್ರಾವಣವೆಂದರೆ 300 ಕಿ.ಗ್ರಾಂ.; ಚೌಕಟ್ಟು ಹಾಗೂ ಪಂಪು ಸೇರಿದರೆ ಮೇಲೆ ಹೇಳಿದ 400ರ ಸಮೀಪಕ್ಕೆ ಬರುತ್ತದೆ. ನೀರು ತುಳುಕುವುದರಿಂದ ಭಾರ ಒಂದೆಡೆ ನಿಲ್ಲುವುದೂ ಇಲ್ಲ. ಈ ತೂಕದ ಟ್ರ್ಯಾಕ್ಟರಿಗೆ ಸ್ವಂತ ಚಕ್ರಗಳ ಮೇಲೆ ನಿಲ್ಲುವ, ಎಳೆದೊಯ್ಯುವ ಟ್ಯಾಂಕೇ ಸೂಕ್ತ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದ ಪ್ರತಿದಿನ ಸಂಜೆ ಯಂತ್ರವನ್ನು ತೊಳೆಯತಕ್ಕದ್ದು.

ಯಂತ್ರ ಕೆಡುವುದು ಎಲ್ಲಿ

ಮೊದಲನೆಯದು ಟ್ರೈಲರ್. ತೋಟಕ್ಕೆ ಕೆಲವು ವರ್ಷಗಳಿಗೊಮ್ಮೆ ಹೊಸ ಮಣ್ಣು ಹಾಕುವ ಪದ್ಧತಿ ಇಲ್ಲಿಯದು. ಸೊಪ್ಪು, ದರಕು ಹೇರಲು ಮಾಡಿಸಿದ ಟ್ರೈಲರನ್ನೇ ಮಣ್ಣಿಗೂ ಬಳಸಲಾಗುತ್ತದೆ. 1.8 ಮೀಟರ್ ಉದ್ದ, 1.2 ಮೀಟರ್ ಅಗಲ, 0.4 ಮೀಟರ್ ಎತ್ತರದ ಪೆಟ್ಟಿಗೆಯಲ್ಲಿ 0.86 ಘನ ಮೀಟರ್ ಹಿಡಿಯುತ್ತದೆ. ಅದರ ತುಂಬ ಹಸಿ ಮಣ್ಣು ತುಂಬಿದರೆ ಸುಮಾರು ಒಂದೂವರೆ ಟನ್. ತುಂಬಿದವರ ಕಣ್ಣಿಗೆ ಕಾಣುವುದು ಪೆಟ್ಟಿಗೆಯ ಅಂಚು. ಕ್ಲಚ್ಚಿಗೆ, ಬ್ರೇಕಿಗೆ ತಿಳಿಯುವುದು ತೂಕ. ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುವ ಟ್ರೈಲರಿಗೆ ಸ್ವಂತ ಬ್ರೇಕು ಇಲ್ಲದಿದ್ದಲ್ಲಿ ಅದು ಬಾಳಿಕೆಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ, ಪ್ರಾಣದ ಪ್ರಶ್ನೆಯಾಗುತ್ತದೆ.

ಮಣ್ಣು ತುಂಬಲು ಮುಂಭಾಗಕ್ಕೆ ಲೋಡರು ಕೂರಿಸುವುದು ಇನ್ನೊಂದು ಅಭ್ಯಾಸ. ಸಣ್ಣ ಟ್ರ್ಯಾಕ್ಟರಿನ ಮುಂದಿನ ಅಚ್ಚು ದಾರಿ ತೋರಿಸಲು ಇರುವಂಥದ್ದು. ಬಕೆಟ್ಟಿನ ಮಣ್ಣನ್ನು ಹೊರಲು ಅಲ್ಲ. ತಯಾರಕರು ಲಿಖಿತವಾಗಿ ಅನುಮತಿಸಿರದ ಹೊರತು ಸ್ಥಳೀಯವಾಗಿ ಬೆಸುಗೆ ಹಾಕಿಸಿದ ಲೋಡರನ್ನು ಕೂರಿಸಬಾರದು. ಹಾಗೆ ಕೂರಿಸಿದಲ್ಲಿ ವಾರಂಟಿಯನ್ನು ನಿರಾಕರಿಸಲು ಮಾರಾಟಗಾರರಿಗೆ ಕಾರಣ ಸಿಗುತ್ತದೆ.

ಜಂಬಿಟ್ಟಿಗೆ ನೆಲದಲ್ಲಿ ಗುಂಡಿ ತೋಡುವ ಯಂತ್ರ ಹಾಗೂ ರೋಟವೇಟರಿಗೆ ಕಲ್ಲು ಸಿಕ್ಕಿದಾಗ ಬರುವ ಆಘಾತವನ್ನು ತಡೆಯಲೆಂದು ಪಿ.ಟಿ.ಓ. ದಂಡದಲ್ಲಿ ಶಿಯರ್ ಬೋಲ್ಟ್ ಇರುತ್ತದೆ. ಅದು ತುಂಡಾಗುವುದು ದೋಷವಲ್ಲ, ಅದರ ಕೆಲಸ. ಪದೇ ಪದೇ ತುಂಡಾಗುತ್ತದೆ ಎಂದು ಗಟ್ಟಿ ಬೋಲ್ಟ್ ಹಾಕಿಸಿದರೆ, ಮುಂದಿನ ಸಲ ತುಂಡಾಗುವುದು ಒಳಗಿನ ಗೇರು. ಕೆಲವು ರೂಪಾಯಿಗಳ ಬೋಲ್ಟಿನ ಬದಲು ಸಾವಿರಾರು ರೂಪಾಯಿಗಳ ದುರಸ್ತಿ. ಅಡಿಕೆಯ ಬೇರುಗಳು ಮೇಲ್ಪದರದಲ್ಲಿಯೇ ಹರಡುವುದರಿಂದ ತೋಟದೊಳಗೆ ಆಳವಾಗಿ ರೋಟವೇಟರ್ ಹೊಡೆಯುವುದು ಮರಕ್ಕೂ ಹಿತವಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

ಗದ್ದೆಯ ಕೆಸರು ಕೊನೆಯದು, ಹಾಗೂ ಹೊರಗೆ ಕಾಣದೇ ಹಾಳುಮಾಡುವಂಥದ್ದು. ಕಬ್ಬಿಣದ ಕೇಜ್ ಚಕ್ರ ಕಟ್ಟಿದಾಗ ಭಾರ ಅಚ್ಚಿನಿಂದ ಹೊರಕ್ಕೆ ಸರಿದು ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ. ನಾಲ್ಕು ಚಕ್ರ ಚಾಲನೆಯ ಯಂತ್ರಗಳಲ್ಲಿ ಮುಂದಿನ ಅಚ್ಚಿನ ಆಯಿಲ್ ಸೀಲುಗಳು ಕೆಸರಿನಲ್ಲಿಯೇ ಮುಳುಗಿರುತ್ತವೆ. ನಾಟಿ ಮುಗಿದ ಮೇಲೆ ಅಚ್ಚಿನ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದರ್ಥ. ಹಾಗೆಯೇ ಬಿಟ್ಟಲ್ಲಿ ಗೇರುಗಳು ತುಕ್ಕು ಹಿಡಿಯುತ್ತವೆ.

ಪರೀಕ್ಷಾ ವರದಿಯಲ್ಲಿ ನೋಡತಕ್ಕ ಅಂಶಗಳು

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸುತ್ತದೆ. ದಕ್ಷಿಣ ವಲಯದ ಸಂಸ್ಥೆಯು ಆಂಧ್ರಪ್ರದೇಶದ ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿದೆ. ಟ್ರ್ಯಾಕ್ಟರುಗಳಿಗೆ ಭಾರತೀಯ ಮಾನಕ 5994, ಪವರ್ ಟಿಲ್ಲರುಗಳಿಗೆ 9935 ಪರೀಕ್ಷಾ ವಿಧಾನಗಳಾಗಿವೆ. ಮಾರಾಟಗಾರರಿಂದ ಈ ವರದಿಯ ಪ್ರತಿಯನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ.

ವರದಿ ದಪ್ಪವಾಗಿರುತ್ತದೆ, ಎಲ್ಲವನ್ನೂ ಓದಬೇಕಾಗಿಲ್ಲ. ಪಿ.ಟಿ.ಓ. ಮೇಲೆ ಅಳೆದ ಗರಿಷ್ಠ ಶಕ್ತಿ, ಮುಂದಿನ ಹಾಗೂ ಹಿಂದಿನ ಅಚ್ಚಿನ ಮೇಲಿನ ತೂಕ, ಮೇಲೆ ಹೇಳಿದ ಎತ್ತುವ ಸಾಮರ್ಥ್ಯದ ಎರಡು ಅಂಕಿಗಳು, ಕೆಸರಿನಲ್ಲಿ ನಡೆಸಿದ ನಂತರ ನೀರು ಒಳಹೊಕ್ಕಿತೇ ಎಂಬ ಷರಾ, ಹಾಗೂ ಯಂತ್ರವನ್ನು ಬಿಚ್ಚಿ ಅಳೆದ ಲೈನರ್, ಪಿಸ್ಟನ್ ರಿಂಗ್, ಬೇರಿಂಗುಗಳ ಸವೆತ, ಇಷ್ಟನ್ನು ನೋಡಿದರೆ ಸಾಕು. ವರದಿಯ ಮಿತಿಯನ್ನೂ ತಿಳಿದಿರಬೇಕು. ಅದು ಹೊಸ ಯಂತ್ರದ ಪರೀಕ್ಷೆ. ಏಳೆಂಟು ಮಳೆಗಾಲಗಳ ನಂತರದ ಸ್ಥಿತಿಯನ್ನು ಅದು ಹೇಳಲಾರದು. ಅದಕ್ಕಾಗಿ ಅದೇ ಮಾದರಿಯನ್ನು ಮೂರು ನಾಲ್ಕು ವರ್ಷ ಬಳಸಿದ ನೆರೆಯ ಗ್ರಾಮದ ರೈತರಲ್ಲಿ ವಿಚಾರಿಸುವುದೇ ಮಾರ್ಗ. ಯಾವ ಉಪಕರಣ ಕಟ್ಟಿ, ವರ್ಷಕ್ಕೆ ಎಷ್ಟು ಗಂಟೆ ಓಡಿಸಿದ್ದಾರೆ ಎಂದು ಕೇಳದೆ ಬರೀ "ಚೆನ್ನಾಗಿದೆಯೇ" ಎಂದು ಕೇಳಿದರೆ ಉಪಯೋಗವಿಲ್ಲ.

ಬಿಡಿಭಾಗಗಳ ಲಭ್ಯತೆಯೂ ಬಾಳಿಕೆಯ ಒಂದು ಭಾಗವೇ. 2020ರ ಜುಲೈನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಪವರ್ ಟಿಲ್ಲರ್ ಹಾಗೂ ಅದರ ಭಾಗಗಳ ಆಮದನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತು. ಹಳೆಯ ಆಮದು ಟಿಲ್ಲರನ್ನು ಅಗ್ಗವಾಗಿ ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು. ಹೊಸ ಯಂತ್ರಕ್ಕಾದರೂ ಕ್ಲಚ್ ಪ್ಲೇಟ್, ಆಯಿಲ್ ಸೀಲ್, ಶಿಯರ್ ಬೋಲ್ಟ್‌ಗಳು ತಾಲ್ಲೂಕು ಕೇಂದ್ರದಲ್ಲಿಯೇ ದೊರೆಯುತ್ತವೆಯೇ ಎಂದು ಅಂಗಡಿಗೆ ಹೋಗಿ ನೋಡುವುದು ಒಳ್ಳೆಯದು. ನಾಟಿಯ ವಾರದಲ್ಲಿ ಬಿಡಿಭಾಗಕ್ಕಾಗಿ ಶಿವಮೊಗ್ಗಕ್ಕೆ ಹೋಗಿ ಬರುವ ಒಂದು ದಿನಕ್ಕೂ ಬೆಲೆ ಇದೆ.

ಭಾರೀ ಕೆಲಸಕ್ಕೆ ಬಾಡಿಗೆ ಯಂತ್ರ

ಮಣ್ಣು ಹೇರುವುದು, ಗುಂಡಿ ತೋಡುವುದು ಮುಂತಾದ ಕೆಲಸಗಳು ವರ್ಷದಲ್ಲಿ ಕೆಲವೇ ದಿನಗಳು. ಆ ಕೆಲವು ದಿನಗಳಿಗಾಗಿ ದೊಡ್ಡ ಉಪಕರಣ ಕೊಂಡು ಸಣ್ಣ ಟ್ರ್ಯಾಕ್ಟರನ್ನು ದಣಿಸುವುದಕ್ಕಿಂತ, ಸ್ವಂತ ಯಂತ್ರವನ್ನು ಹಗುರ ಕೆಲಸಕ್ಕೆ ಇಟ್ಟುಕೊಂಡು ಭಾರೀ ಕೆಲಸವನ್ನು ಬಾಡಿಗೆಗೆ ಮಾಡಿಸುವುದು ಹೆಚ್ಚಿನ ಸಣ್ಣ ಹಿಡುವಳಿದಾರರಿಗೆ ಲಾಭದಾಯಕ. ರಾಜ್ಯದಲ್ಲಿ 2014-15ರಿಂದ ಆರಂಭವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಇರುವುದು ಇದಕ್ಕಾಗಿಯೇ. ಕೊಳ್ಳುವ ಮುನ್ನ ಅಲ್ಲಿನ ಸಣ್ಣ ಟ್ರ್ಯಾಕ್ಟರನ್ನು ಒಂದು ದಿನ ಬಾಡಿಗೆಗೆ ಪಡೆದು ತಮ್ಮದೇ ತೋಟದಲ್ಲಿ ಓಡಿಸಿ ನೋಡಿದರೆ, ತಿರುವು ಸಾಕೇ, ಬಸಿಗಾಲುವೆ ದಾಟುತ್ತದೆಯೇ ಎಂಬುದು ಕೂಡಲೇ ತಿಳಿಯುತ್ತದೆ.

ಅರ್ಜಿ ಸಲ್ಲಿಸುವವರು ಸಂಬಂಧಪಟ್ಟ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಎಫ್.ಐ.ಡಿ. ಸಂಖ್ಯೆ, ಪಹಣಿ, ಆಧಾರ್ ಪ್ರತಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭಾವಚಿತ್ರ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಾಗಿದ್ದಲ್ಲಿ ಜಾತಿ ಪ್ರಮಾಣ ಪತ್ರದೊಂದಿಗೆ ಸಂಪರ್ಕಿಸಬಹುದಾಗಿದೆ. ಸಹಾಯಧನದ ಮೊತ್ತ ಹಾಗೂ ಅನುಮೋದಿತ ಮಾದರಿಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆ ವರ್ಷದ ಪಟ್ಟಿಯನ್ನು ಕೇಂದ್ರದಲ್ಲಿ ನೋಡಿಕೊಂಡ ನಂತರವೇ ಮಾರಾಟಗಾರರಿಗೆ ಮುಂಗಡ ಪಾವತಿಸುವುದು. ಟ್ರ್ಯಾಕ್ಟರಿನ ದರಪಟ್ಟಿ ಪಡೆಯುವಾಗ ಅದಕ್ಕೆ ಕಟ್ಟಲಿರುವ ಉಪಕರಣದ ಹೆಸರು, ಅಗಲ ಹಾಗೂ ತೂಕವನ್ನು ಅದೇ ಕಾಗದದಲ್ಲಿ ಮಾರಾಟಗಾರರಿಂದ ಬರೆಸಿ, ಸಹಿ ಹಾಗೂ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳುವುದು. ವಾರಂಟಿ ಕುರಿತು ವ್ಯಾಜ್ಯ ಉಂಟಾದಲ್ಲಿ ಈ ಕಾಗದ ಉಪಯೋಗಕ್ಕೆ ಬರುತ್ತದೆ.