ಎಣ್ಣೆಯು ಪೇಟೆಗೆ, ಹಿಂಡಿಯು ಹೊಲಕ್ಕೆ

ಹೊಲದಿಂದ ಒಯ್ದುದನ್ನು ಹೊಲಕ್ಕೆ ಮರಳಿಸಬೇಕೆಂಬ ಮಾತನ್ನು ನಮ್ಮ ಒಕ್ಕಲಿಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ದೀಪಾವಳಿಯಲ್ಲಿ ಸಗಣಿಯ ಪಾಂಡವರನ್ನಿಟ್ಟು ಪೂಜಿಸುವ ನಾಡು ಇದು. ಆದರೆ ಪೂಜೆಯು ಉಳಿದು ತಿಪ್ಪೆಯು ಬರಿದಾಗುತ್ತಿರುವದೇ ನಮ್ಮ ಚಿಂತೆಗೆ ಕಾರಣವು.

ಪರಿಸ್ಥಿತಿಯನ್ನು ವಾಚಕರು ಒಮ್ಮೆ ಅವಲೋಕಿಸಲಿ. ಭರತಖಂಡವು ತಾನುಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಪರದೇಶಗಳಿಂದ ಕೊಳ್ಳುತ್ತಿದೆ. ಈ ಕೊರತೆಯನ್ನು ನೀಗಲು ಶೇಂಗಾ, ಸೂರ್ಯಕಾಂತಿ, ಕುಸುಬಿಗಳ ಬೆಳೆಯನ್ನು ಹೆಚ್ಚಿಸಬೇಕೆನ್ನುವರು; ಅದು ಸರಿಯೇ. ಆದರೆ ಆ ಬೆಳೆಗೆ ಹಾಕುವ ಗೊಬ್ಬರವಾದರೂ ಯಾರದು? ಪೊಟ್ಯಾಶ್ ಬಹುತೇಕ ಹೊರಗಿನದು. ರಂಜಕದ ಕಲ್ಲಿನಲ್ಲಿ ಬಹುಪಾಲು ಹೊರಗಿನದು. ಯೂರಿಯಾ ಇಲ್ಲಿ ತಯಾರಾದರೂ ಅದಕ್ಕೆ ಬೇಕಾಗುವ ಅನಿಲವನ್ನು ಹೆಚ್ಚಾಗಿ ಹೊರಗಿನಿಂದಲೇ ತರಬೇಕು. ಎಣ್ಣೆಯ ಪರಾಧೀನತೆಯನ್ನು ಗೊಬ್ಬರದ ಪರಾಧೀನತೆಯಿಂದ ಹೋಗಲಾಡಿಸ ಹೊರಟ ನಮ್ಮ ಜಾಣತನವನ್ನು ಏನೆಂದು ಹೊಗಳಬೇಕು?

ಇಲ್ಲಿ ಪ್ರಕೃತಿಯೇ ಒಂದು ಉಪಕಾರವನ್ನು ಮಾಡಿಟ್ಟಿರುವಳು. ಎಣ್ಣೆಯು ಗಾಳಿ, ನೀರು, ಬಿಸಿಲುಗಳಿಂದ ಹುಟ್ಟಿದ ಪದಾರ್ಥವು. ಅದರಲ್ಲಿ ಮಣ್ಣಿನ ಸಾರವು ಇಲ್ಲವೆಂದರೂ ಸಲ್ಲುವದು. ಬೀಜವು ಭೂಮಿಯಿಂದ ಹೀರಿದ ಸಾರಜನಕ, ರಂಜಕ, ಪೊಟ್ಯಾಶ್‌ಗಳು ಬಹುತೇಕ ಹಿಂಡಿಯಲ್ಲಿಯೇ ನಿಲ್ಲುವವು. ಆದುದರಿಂದ ಎಣ್ಣೆಯನ್ನು ಮಾರಿದವನು ಭೂಮಿಯನ್ನು ಮಾರಲಿಲ್ಲ. ಹಿಂಡಿಯನ್ನು ಮಾರಿದವನೇ ಮಾರಿದನು. ವೋಲ್ಕರ್ ಎಂಬ ಆಂಗ್ಲ ರಸಾಯನಜ್ಞನು 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಎಣ್ಣೆಬೀಜಗಳ ರಫ್ತಿನೊಡನೆ ಈ ದೇಶದ ಮಣ್ಣಿನ ಸತ್ವವೂ ಹೊರಹೋಗುತ್ತಿದೆಯೆಂದು ಎಚ್ಚರಿಸಿದ್ದನು. ಆಗ ಪರರ ಆಳಿಕೆಯಿತ್ತೆಂದು ಸಮಾಧಾನ ಪಡಬಹುದಾಗಿತ್ತು. ಇಂದಿಗೂ ಔಡಲದ ಹಿಂಡಿಯು ನಮ್ಮ ಬಂದರಗಳಿಂದ ಹಡಗನ್ನೇರಿ ಪರರ ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿರುವದಕ್ಕೆ ಯಾರನ್ನು ದೂರೋಣ?

ಹಿಂಡಿಯ ಯೋಗ್ಯತೆಯು ಸಾಮಾನ್ಯವಾದುದಲ್ಲ. ನೂರು ಕಿಲೋ ತಿಪ್ಪೆಗೊಬ್ಬರದಲ್ಲಿ ಸಾರಜನಕವು ಸುಮಾರು ಅರ್ಧ ಕಿಲೋ. ಅಷ್ಟೇ ತೂಕದ ಹೊಂಗೆ ಅಥವಾ ಔಡಲದ ಹಿಂಡಿಯಲ್ಲಿ ಸುಮಾರು 4 ಕಿಲೋ, ಬೇವಿನ ಹಿಂಡಿಯಲ್ಲಿ ಸುಮಾರು 5 ಕಿಲೋ. ಶೇಂಗಾದ ಹಿಂಡಿಯು ದನಗಳ ಬಾಯಿಗೆ ಹೋಗಲಿ. ಸಗಣಿ ಗಂಜಳಗಳನ್ನು ಪೋಲುಮಾಡದಿದ್ದರೆ ಅದೂ ಹೊಲಕ್ಕೇ ಸೇರುವದು. ಔಡಲದ್ದು ದನಗಳಿಗೆ ವಿಷವು. ಅದಕ್ಕೆ ಹೊಲವೇ ಗತಿ. ಬೇವಿನ ಗುಣವನ್ನು ಸರಕಾರವೂ ಮನಗಂಡು, ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪವಿರಬೇಕೆಂದು 2015ರಲ್ಲಿ ವಿಧಿಸಿತು.

ಇನ್ನು ಜೀವಾಣುಗಳ ಮಾತು. ಶೇಂಗಾ ದ್ವಿದಳ ಜಾತಿಯದು. ಅದರ ಬೇರಿನ ಗಂಟುಗಳಲ್ಲಿ ನೆಲೆಸಿದ ರೈಜೋಬಿಯಂ ವರ್ಗದ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವವು. ಇಂಥ ಗಂಟಿನ ಜೀವಾಣುವನ್ನು ಬೈಜರಿಂಕನು 1888ರಲ್ಲಿ ಬೇರ್ಪಡಿಸಿ ತೋರಿಸಿದನು. 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿದರಾಯಿತು. ಶಿಕ್ಷಕ ಮಹಾಶಯರಲ್ಲಿ ನಮ್ಮದೊಂದು ವಿನಂತಿ: ಹೂ ಬಿಡುವ ಕಾಲದಲ್ಲಿ ಹುಡುಗರನ್ನು ಶೇಂಗಾದ ಹೊಲಕ್ಕೆ ಕರೆದೊಯ್ದು, ಒಂದು ಗಿಡವನ್ನು ಮೆಲ್ಲನೆ ಕಿತ್ತು, ಗಂಟನ್ನು ಸೀಳಿ ತೋರಿಸಬೇಕು. ಒಳಗೆ ಕೆಂಪು ಛಾಯೆಯಿದ್ದರೆ ಜೀವಾಣುಗಳು ದುಡಿಯುತ್ತಿರುವವು. ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಅವು ದುಡಿಯುತ್ತಿಲ್ಲ. ಹತ್ತು ವ್ಯಾಖ್ಯಾನಗಳಿಂದ ಆಗದ ಕೆಲಸವು ಈ ಒಂದು ನೋಟದಿಂದ ಆಗುವದು.

ಪ್ರತಿಪಕ್ಷದ ವಾದವನ್ನು ಕೇಳದೆ ತೀರ್ಪು ಹೇಳುವದು ವಕೀಲರಾದ ನಮಗೆ ಒಪ್ಪುವದಿಲ್ಲ. ಸೂರ್ಯಕಾಂತಿ, ಎಳ್ಳು, ಕುಸುಬಿಗಳಿಗೆ ಇಂಥ ಗಂಟುಗಳಿಲ್ಲ. ಅಲ್ಲಿ ಅಜಟೋಬ್ಯಾಕ್ಟರ್ ಮೊದಲಾದವುಗಳ ನೆರವು ಅಲ್ಪವು. ರಂಜಕವನ್ನು ಕರಗಿಸುವ ಜೀವಾಣುಗಳು ಮಣ್ಣಿನಲ್ಲಿದ್ದುದನ್ನು ಕರಗಿಸಬಲ್ಲವೇ ಹೊರತು ಇಲ್ಲದ್ದನ್ನು ಹುಟ್ಟಿಸಲಾರವು. ಶೇಂಗಾದ ಕಾಯಿ ತುಂಬಲು ಸುಣ್ಣದ ಅಂಶವು ಬೇಕು. ಅದಕ್ಕಾಗಿ ಜಿಪ್ಸಮ್ಮನ್ನು ಹಾಕಲೇಬೇಕಾಗುವದು. ಸಿಂಹಳದ ಸರಕಾರವು 2021ರ ವಸಂತದಲ್ಲಿ ರಸಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿ, ಬೆಳೆ ಕುಸಿದು, ಅದೇ ವರ್ಷದ ನವೆಂಬರದಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಮಣ್ಣನ್ನು ಅಣಿಗೊಳಿಸದೆ ಹೊರಡಿಸಿದ ಆಜ್ಞೆಗೆ ಹೊಲವು ವಿಧೇಯವಾಗುವದಿಲ್ಲ. ಆದಕಾರಣ ನಾವು ಬೇಡುವದು ನಿಷೇಧವನ್ನಲ್ಲ. ಮೊದಲು ಹಿಂಡಿ, ತಿಪ್ಪೆ, ಹಸಿರೆಲೆ, ಜೀವಾಣುಗಳಿಂದ ಆಗುವಷ್ಟನ್ನು ಮಾಡಿ, ಮಣ್ಣಿನ ಪರೀಕ್ಷೆಯಿಂದ ತಿಳಿದುಬಂದ ಕೊರತೆಗೆ ಮಾತ್ರ ಚೀಲದ ಗೊಬ್ಬರವನ್ನು ತರುವ ಕ್ರಮವನ್ನು.

ಮೋಸದ ವಿಷಯವನ್ನೂ ಹೇಳಬೇಕು. ಜೀವಾಣು ಗೊಬ್ಬರವು 2006ರಿಂದ ರಸಗೊಬ್ಬರ ನಿಯಂತ್ರಣಾಜ್ಞೆಗೆ ಒಳಪಟ್ಟಿದೆ. ರೈಜೋಬಿಯಂ ಪುಡಿಯ ಪ್ರತಿ ಗ್ರಾಮಿನಲ್ಲಿ 5 ಕೋಟಿ ಜೀವಾಣುಗಳು ಜೀವಂತವಿರಬೇಕೆಂದು ಅದು ವಿಧಿಸಿದೆ. ಆದರೆ ಬಿಸಿಲಿಗೆ ಕಾದ ಅಂಗಡಿಯ ಮೂಲೆಯಲ್ಲಿ ಬಿದ್ದು ಸತ್ತ ಪುಡಿಯನ್ನು ಕೊಂಡ ರೈತನಿಗೆ ಆ ಕಾನೂನಿನಿಂದ ಬಂದ ಫಲವೇನು? ಒಂದು ಹಂಗಾಮು ಕೆಟ್ಟರೆ ಅವನು ಅಂಗಡಿಕಾರನನ್ನಲ್ಲ, ವಿದ್ಯೆಯನ್ನೇ ನಂಬದಂತಾಗುವನು.

ಕರ್ನಾಟಕ ಸರಕಾರವು 2004ರಲ್ಲಿಯೇ ಸಾವಯವ ಕೃಷಿಯ ನೀತಿಯನ್ನು ಸಾರಿದೆ. ಸಾರಿದುದು ಸಾಕು, ನಡೆಯಲಿ. ಚಳ್ಳಕೆರೆ, ಗದಗ, ಕೊಪ್ಪಳಗಳಂಥ ಶೇಂಗಾದ ಸೀಮೆಗಳಲ್ಲಿ ಸಹಕಾರಿ ಗಾಣಗಳು ಏಳಲಿ. ಬೀಜ ತಂದ ರೈತನು ಎಣ್ಣೆಯ ಬೆಲೆಯನ್ನೂ ತನ್ನ ಹಿಂಡಿಯನ್ನೂ ಹೊತ್ತು ಮನೆಗೆ ಮರಳಲಿ. ಪಟ್ಟಣದ ವಿದ್ಯಾವಂತರಾದ ನಾವು ಅಂಥ ಸಂಘಗಳಿಗೆ ಪಾಲುಹಣವನ್ನು ಕೊಟ್ಟು, ಲೆಕ್ಕಪತ್ರಗಳಿಗೆ ಕೈಗೂಡಿಸಬೇಕು. ಸ್ವದೇಶಿಯ ವ್ರತವು ಬಟ್ಟೆಗೆ ಮಾತ್ರ ಸಾಲದು. ಅದು ಬೇರಿನವರೆಗೂ ಇಳಿಯಬೇಕು.