ಸಮುದ್ರಯಾನವೂ ಅಳತೆಯ ದೋಷವೂ

ಸಾಗರಗಳನ್ನು ದಾಟಿ ಹೊಸ ಮಾರ್ಗಗಳನ್ನು ಕಂಡುಹಿಡಿದವರ ವೃತ್ತಾಂತವನ್ನು ನಮ್ಮ ಶಾಲೆಗಳಲ್ಲಿ ಸಾಹಸದ ಕಥೆಯಾಗಿ ಹೇಳುವುದು ವಾಡಿಕೆ. ಕೊಲಂಬಸನ ಧೈರ್ಯ, ವಾಸ್ಕೊ ಡ ಗಾಮನ ಛಲ, ಬಿರುಗಾಳಿ, ಹಸಿವು, ರೋಗ ಇವುಗಳ ನಡುವೆ ನಾವಿಕನ ಕೈಯಲ್ಲಿದ್ದ ಉಪಕರಣಗಳಿಗೆ ಪಾಠದಲ್ಲಿ ಒಂದು ಸಾಲು ದೊರೆತರೆ ಹೆಚ್ಚು. ಧೈರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಧೈರ್ಯಕ್ಕೆ ಯಾವ ಕೊರತೆಯೂ ಇಲ್ಲದ ಎಷ್ಟೋ ಹಡಗುಗಳು ಬಂಡೆಗೆ ಬಡಿದು ಮುಳುಗಿದುವು. ಉಳಿದವುಗಳನ್ನು ದಡ ಸೇರಿಸಿದುದು ಅಳತೆ. ಅದಕ್ಕಿಂತಲೂ ಮಿಗಿಲಾಗಿ, ತನ್ನ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ನಾವಿಕನ ತಿಳಿವಳಿಕೆ. ಈ ಎರಡನೆಯ ವಿದ್ಯೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಕಲಿಸುತ್ತಿಲ್ಲವೆಂಬುದೇ ಈ ಲೇಖನದ ದೂರು.

ದಿಕ್ಸೂಚಿಯೊಂದಿದ್ದರೆ ಸಮುದ್ರಯಾನ ಸುಲಭವೆಂದು ಅನೇಕರು ತಿಳಿದಿರುವರು. ಹಡಗು ಯಾವ ಕಡೆಗೆ ಮುಖ ಮಾಡಿದೆಯೆಂಬುದನ್ನು ದಿಕ್ಸೂಚಿ ಹೇಳುವುದೇ ಹೊರತು ಹಡಗು ಎಲ್ಲಿದೆಯೆಂಬುದನ್ನು ಹೇಳಲಾರದು. ಅದನ್ನು ಆಕಾಶದಿಂದಲೇ ತಿಳಿಯಬೇಕು. ಉತ್ತರ ಧ್ರುವದಲ್ಲಿ ನಿಂತವನಿಗೆ ಧ್ರುವ ನಕ್ಷತ್ರವು ನೆತ್ತಿಯ ಮೇಲಿರುವುದು. ಸಮಭಾಜಕ ವೃತ್ತದಲ್ಲಿ ನಿಂತವನಿಗೆ ದಿಗಂತದಲ್ಲಿರುವುದು. ನಡುವಣ ಸ್ಥಳಗಳಲ್ಲಿ ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಸರಿಸುಮಾರು ಅದೇ ಆ ಸ್ಥಳದ ಅಕ್ಷಾಂಶ. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ೧೧೧ ಕಿಲೋಮೀಟರು. ಕೋನದಲ್ಲಿ ಒಂದು ಡಿಗ್ರಿ ತಪ್ಪಿದ ನಾವಿಕನು ಬಂದರಿನಿಂದ ಅಷ್ಟು ದೂರ ತಪ್ಪಿದಂತೆಯೇ ಸರಿ.

ಈ ಕೋನವನ್ನು ಅಳೆಯಲು ಹಿಂದೂ ಮಹಾಸಾಗರದ ನಾವಿಕರು ಬಳಸುತ್ತಿದ್ದ ಸಾಧನಕ್ಕೆ ಕಮಾಲ್ ಎಂದು ಹೆಸರು. ಅದು ಅಂಗೈಯಗಲದ ಒಂದು ಹಲಗೆ. ಹಲಗೆಯ ನಡುವಿನಿಂದ ಗಂಟುಗಳುಳ್ಳ ಒಂದು ದಾರ. ದಾರದ ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ದಾರ ಬಿಗಿಯುವವರೆಗೆ ಮುಂದೆ ಹಿಡಿಯುವುದು. ಹಲಗೆಯ ಕೆಳ ಅಂಚು ದಿಗಂತವನ್ನೂ ಮೇಲಿನ ಅಂಚು ಧ್ರುವ ನಕ್ಷತ್ರವನ್ನೂ ಮುಟ್ಟಿದರೆ ಆ ಗಂಟೇ ಅಕ್ಷಾಂಶದ ಗುರುತು. ಅವರ ಕೋನದ ಮಾನ ‘ಇಸ್ಬಾ’, ಅಂದರೆ ಬೆರಳು. ಅದು ಸುಮಾರು ೧.೬ ಡಿಗ್ರಿ. ಮಂಗಳೂರಿನ ಅಕ್ಷಾಂಶಕ್ಕೂ ಕಲ್ಲಿಕೋಟೆಯ ಅಕ್ಷಾಂಶಕ್ಕೂ ಇರುವ ಅಂತರ ಹೆಚ್ಚು ಕಡಿಮೆ ಇಷ್ಟೇ. ಒಂದು ಬೆರಳು ತಪ್ಪಿದರೆ ಕಲ್ಲಿಕೋಟೆಗೆ ಹೊರಟವನು ಮಂಗಳೂರನ್ನು ಸೇರಬೇಕಾಗುವುದು.

೧೪೯೮ರ ಏಪ್ರಿಲ್ ೨೪ರಂದು ವಾಸ್ಕೊ ಡ ಗಾಮನು ಆಫ್ರಿಕದ ಮಾಲಿಂದಿಯಿಂದ ಹೊರಟಾಗ ಈ ಸಾಗರವನ್ನು ಬಲ್ಲ ಮಾರ್ಗದರ್ಶಿಯೊಬ್ಬನು ಅವನ ಹಡಗಿನಲ್ಲಿದ್ದನು. ಮಾರುತಗಳೂ ಅನುಕೂಲವಾಗಿದ್ದುವು. ಸುಮಾರು ೨೩ ದಿನಗಳಲ್ಲಿ ನಮ್ಮ ಪಶ್ಚಿಮ ತೀರ ಕಂಡಿತು. ಹಿಂದಿರುಗುವಾಗ ಅವನು ತಕ್ಕ ಋತುವಿಗಾಗಿ ಕಾಯದೆ ಅಕ್ಟೋಬರ್ ೫ರಂದು ಕಾರವಾರದ ಸಮೀಪದ ಅಂಜದೀವ ದ್ವೀಪದಿಂದ ಹೊರಟನು. ಅದೇ ಸಾಗರವನ್ನು ದಾಟಲು ಈ ಸಲ ಮೂರು ತಿಂಗಳು ಬೇಕಾದುವು. ಸುಮಾರು ಮೂವತ್ತು ಮಂದಿ ನಾವಿಕರು ದಾರಿಯಲ್ಲಿಯೇ ಸತ್ತರು. ಹಡಗುಗಳೂ ಉಪಕರಣಗಳೂ ಬದಲಾಗಿರಲಿಲ್ಲ. ಬದಲಾದುದು ಗಾಳಿ, ಆ ಗಾಳಿಯ ಕಾಲಕ್ರಮವಾದರೋ ಈ ಸಾಗರದ ನಾವಿಕರಿಗೆ ತಲೆಮಾರುಗಳಿಂದ ತಿಳಿದಿದ್ದ ವಿಷಯ.

ಆದರೂ ಪೋರ್ಚುಗೀಸರಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಲೇಬೇಕು. ಸಮಭಾಜಕದ ದಕ್ಷಿಣಕ್ಕೆ ಹೋದರೆ ಧ್ರುವ ನಕ್ಷತ್ರವು ಕಾಣದು. ಆದುದರಿಂದ ಅವರು ಮಧ್ಯಾಹ್ನದ ಸೂರ್ಯನ ಔನ್ನತ್ಯವನ್ನು ಅಳೆದು, ಆ ದಿನ ಸೂರ್ಯನು ಸಮಭಾಜಕದಿಂದ ಎಷ್ಟು ವಾಲಿರುವನೆಂಬುದನ್ನು ಕೋಷ್ಟಕದಲ್ಲಿ ನೋಡಿ ಅಕ್ಷಾಂಶವನ್ನು ಗಣಿಸಿದರು. ಅಬ್ರಹಾಂ ಜಕೂಟೊ ಎಂಬ ಜ್ಯೋತಿರ್ವಿದನ ಅಂಥ ಕೋಷ್ಟಕಗಳು ೧೪೯೬ರಲ್ಲಿ ಅಚ್ಚಾದುವು. ಅಳೆಯುವ ಸಾಧನ ಆಸ್ಟ್ರೊಲೇಬ್. ೧೫೦೩ರಲ್ಲಿ ಒಮಾನಿನ ತೀರದ ಬಳಿ ಮುಳುಗಿದ ಪೋರ್ಚುಗೀಸ್ ಹಡಗೊಂದರ ಅವಶೇಷಗಳಿಂದ ೨೦೧೪ರಲ್ಲಿ ಅಂಥದೊಂದನ್ನು ಮೇಲೆತ್ತಿದರು. ಅದರ ವ್ಯಾಸ ಸುಮಾರು ೧೭.೫ ಸೆಂಟಿಮೀಟರು. ಅದರ ಅಂಚಿನಲ್ಲಿ ಐದೈದು ಡಿಗ್ರಿಗೊಂದರಂತೆ ಗೆರೆಗಳಿವೆ. ಎರಡು ಗೆರೆಗಳ ನಡುವಿನ ಐದುನೂರು ಕಿಲೋಮೀಟರುಗಳಿಗೂ ಮಿಕ್ಕ ಅಂತರವನ್ನು ನಾವಿಕನು ಕಣ್ಣಂದಾಜಿನಿಂದಲೇ ವಿಭಾಗಿಸಬೇಕಾಗಿದ್ದಿತು; ಅದೂ ತೂಗಾಡುವ ಹಡಗಿನ ಮೇಲೆ.

ಇದನ್ನು ಅವರು ಅರಿಯದವರಲ್ಲ. ೧೪೯೭ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ತೀರವನ್ನು ಮುಟ್ಟಿದಾಗ ಗಾಮನು ಹಡಗಿನ ಓಲಾಟವನ್ನು ನಂಬದೆ ದೊಡ್ಡ ಮರದ ಆಸ್ಟ್ರೊಲೇಬನ್ನು ನೆಲಕ್ಕೆ ಇಳಿಸಿ ಸೂರ್ಯನನ್ನು ಅಳೆದನು. ಧ್ರುವ ನಕ್ಷತ್ರದ ವಿಷಯವೂ ಹಾಗೆಯೇ. ಇಂದು ಅದು ಆಕಾಶದ ಧ್ರುವಬಿಂದುವಿನಿಂದ ಮುಕ್ಕಾಲು ಡಿಗ್ರಿಗಿಂತಲೂ ಕಡಿಮೆ ದೂರದಲ್ಲಿದೆ. ಆ ಕಾಲದಲ್ಲಿ ಮೂರೂವರೆ ಡಿಗ್ರಿಗೆ ಸಮೀಪ ದೂರದಲ್ಲಿದ್ದಿತು. ಭೂಮಿಯ ಅಕ್ಷವು ಬುಗುರಿಯ ಅಕ್ಷದಂತೆ ನಿಧಾನವಾಗಿ ತಿರುಗುವುದೇ ಇದಕ್ಕೆ ಕಾರಣ. ನಕ್ಷತ್ರವನ್ನು ಕಣ್ಣು ಮುಚ್ಚಿ ನಂಬಿದವನು ೩೮೦ ಕಿಲೋಮೀಟರಿನವರೆಗೆ ದಾರಿ ತಪ್ಪಬಹುದಾಗಿದ್ದಿತು. ಆದಕಾರಣ ನೆರೆಯ ನಕ್ಷತ್ರಗಳ ಸ್ಥಾನವನ್ನು ನೋಡಿ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕೆಂಬ ನಿಯಮಗಳನ್ನು ನಾವಿಕರು ಕಲಿತಿದ್ದರು.

ರೇಖಾಂಶದ ಸಮಸ್ಯೆ ಇನ್ನೂ ಕಠಿನವಾದುದು. ಭೂಮಿಯು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುವುದರಿಂದ ಹೊರಟ ಊರಿನ ಕಾಲವನ್ನು ಕೆಡದಂತೆ ಒಯ್ಯಬಲ್ಲ ಗಡಿಯಾರ ಬೇಕಾಯಿತು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ನನ ಗಡಿಯಾರವು ೧೭೬೧ರಲ್ಲಿ ಹೊರಟು ಜಮೈಕವನ್ನು ಸೇರಿದಾಗ, ೮೧ ದಿನಗಳಲ್ಲಿ ಅದು ತಪ್ಪಿದುದು ಸುಮಾರು ಐದು ಸೆಕೆಂಡು ಮಾತ್ರ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆ ಗಡಿಯಾರವು ದಿನವೂ ಎರಡು ಮೂರು ಸೆಕೆಂಡು ಹಿಂದೆ ಬೀಳುತ್ತಿದ್ದಿತು; ಅದನ್ನು ಲೆಕ್ಕಕ್ಕೆ ಹಿಡಿದ ಮೇಲೆ ಉಳಿದುದು ಐದು ಸೆಕೆಂಡು. ತಪ್ಪೇ ಇಲ್ಲದ ಗಡಿಯಾರವನ್ನು ಹ್ಯಾರಿಸನ್ ಮಾಡಲಿಲ್ಲ. ದಿನದಿನವೂ ಒಂದೇ ಸಮನಾಗಿ ತಪ್ಪುವ, ಆದುದರಿಂದ ತಿದ್ದಿಕೊಳ್ಳಬಹುದಾದ ಗಡಿಯಾರವನ್ನು ಮಾಡಿದನು.

ಈಗ ನಮ್ಮ ಪ್ರಯೋಗಶಾಲೆಗಳತ್ತ ನೋಡೋಣ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗವನ್ನು ಮಾಡದ ವಿಜ್ಞಾನ ವಿದ್ಯಾರ್ಥಿಯಿಲ್ಲ. ಲೋಲಕವು ತೂಗುವುದಕ್ಕೆ ಮೊದಲೇ ಉತ್ತರವು ೯೮೧ ಎಂದು ಆತನಿಗೆ ಗೊತ್ತು. ಅಳತೆಗಳು ಅದಕ್ಕೆ ಹೊಂದದಿದ್ದರೆ ಅಳತೆಗಳನ್ನೇ ತಿದ್ದಿ ಬರೆಯುವವರುಂಟು. ಆದರೆ ೯೮೧ ಎಂಬುದು ಲಂಡನ್ನಿನಂತಹ ಉತ್ತರದ ಊರುಗಳಿಗೆ ಸಲ್ಲುವ ಬೆಲೆ. ಬೆಂಗಳೂರಿನಲ್ಲಿ ಅದು ಸುಮಾರು ೯೭೮. ಪುಸ್ತಕಕ್ಕೆ ಹೊಂದುವಂತೆ ತಿದ್ದಿದ ವಿದ್ಯಾರ್ಥಿಯು ಸರಿಯಿದ್ದುದನ್ನೇ ಕೆಡಿಸಿರಲೂಬಹುದು! ತಪ್ಪು ಕೇವಲ ಆತನದಲ್ಲ. ಉತ್ತರವು ಪುಸ್ತಕಕ್ಕೆ ಎಷ್ಟು ಸಮೀಪವಾಗಿದೆಯೆಂದು ನೋಡಿ ಅಂಕ ಕೊಡುವ ನಾವು ಆತನಿಗೆ ಈ ಪಾಠವನ್ನೇ ಕಲಿಸುತ್ತಿರುವೆವು. ಹೀಗೆ ಕಲಿತವರೇ ನಾಳೆ ಸೇತುವೆಯನ್ನು ಕಟ್ಟುವರು, ಔಷಧವನ್ನು ಪರೀಕ್ಷಿಸುವರು.

ಆದುದರಿಂದ ನಮ್ಮ ಸಲಹೆ ಎರಡು. ಮೊದಲನೆಯದು, ಪ್ರಯೋಗದಲ್ಲಿ ಅಂಕಗಳು ಉತ್ತರಕ್ಕಲ್ಲ, ಉತ್ತರದಲ್ಲಿರಬಹುದಾದ ದೋಷವೆಷ್ಟು, ಅದು ಎಲ್ಲಿಂದ ಬಂದಿತೆಂಬ ವಿವರಣೆಗೆ ದೊರೆಯಬೇಕು. ಎರಡನೆಯದು, ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ವಿದ್ಯಾರ್ಥಿಗಳು ಒಂದು ಕಮಾಲನ್ನು ತಾವೇ ಮಾಡಬೇಕು. ೧೨ ಸೆಂಟಿಮೀಟರು ಎತ್ತರದ ರಟ್ಟು, ಒಂದು ಮೊಳ ಚಿಲ್ಲರೆ ದಾರ ಸಾಕು. ಬಯಲಿನಲ್ಲಿ ನಿಂತು ನೋಡಿದರೆ ಕಣ್ಣಿಗೂ ರಟ್ಟಿಗೂ ಇರುವ ದೂರವು ಬೆಂಗಳೂರಿನಲ್ಲಿ ಸುಮಾರು ೫೩ ಸೆಂಟಿಮೀಟರು, ಬೀದರಿನಲ್ಲಿ ಸುಮಾರು ೩೮ ಸೆಂಟಿಮೀಟರು ಬರಬೇಕು. ಬೆಂಗಳೂರಿನಲ್ಲಿ ಈ ದೂರದ ಅಳತೆ ಒಂದು ಸೆಂಟಿಮೀಟರು ತಪ್ಪಿದರೆ ಊರು ಸುಮಾರು ೨೭ ಕಿಲೋಮೀಟರು ಸರಿದಂತಾಗುವುದು. ತರಗತಿಯ ನಲವತ್ತು ಮಂದಿಯ ನಲವತ್ತು ಉತ್ತರಗಳನ್ನೂ ತಿದ್ದದೆ ಕಪ್ಪು ಹಲಗೆಯ ಮೇಲೆ ಬರೆಯಿರಿ. ಅವು ಏಕೆ ಬೇರೆ ಬೇರೆಯಾದುವೆಂದು ವಿದ್ಯಾರ್ಥಿಗಳೇ ಚರ್ಚಿಸಲಿ.