ಹಾಲಿನ ಲೆಕ್ಕದಾಗ ಕಲತ ಕಂಪ್ಯೂಟರ್ ಪಾಠ

ನಮ್ಮ ತಂಗಿ ಮಗಳು ಈ ವರ್ಷ ಬಿಸಿಎ ಸೇರ್ಯಾಳ. ನಮ್ಮ ಮನ್ಯಾಗ ಇದ್ದು ಕಾಲೇಜಿಗೆ ಹೋಗತಾಳ. ಹತ್ತನೇತ್ತಾ ತನಕ ಕನ್ನಡ ಸಾಲಿ. ಹದಿನೈದು ದಿನಾನೂ ಆಗಿರಲಿಲ್ಲ, ಒಂದಿನ ಸಂಜೀಕ ಲ್ಯಾಪ್‌ಟಾಪ್ ಮುಚ್ಚಿಟ್ಟು, "ದೊಡ್ಡವ್ವ, ನನ್ನ ತಲಿಗೆ ಇದು ಹತ್ತೂದಿಲ್ಲ. ಬಿಕಾಂಗೆ ಹೋಗತೀನಿ" ಅಂತ ಅಳಾಕ ಹತ್ತಿದಳು.

ಯಾಕವಾ, ಏನ ತಿಳೀಲಿಲ್ಲ ಅಂತ ಕೇಳಿದೆ. ನೋಡಿದರ ಆಕಿ ಇನ್ನೂ ಒಂದ ಸಾಲೂ ಬರದೇ ಇಲ್ಲ! ಗೆಳತ್ಯಾರು ಹೇಳಿದರಂತ ಒಂದು ದೊಡ್ಡ ಸಾಫ್ಟ್‌ವೇರ್ ಹಾಕ್ಕೊಂಡಿದ್ದಳು. ಅದು ಬಂದ ಮ್ಯಾಲೆ ಪೈಥಾನ್ ಬ್ಯಾರೆ ಹಾಕಬೇಕು, ಎಕ್ಸ್‌ಟೆನ್ಷನ್ ಬ್ಯಾರೆ ಹಾಕಬೇಕು, ಅದು ಎಲ್ಲೈತಿ ಅಂತ ಇದಕ್ಕ ತೋರಿಸಬೇಕು. ಮೂರು ದಿನ ಇದರಾಗ ಹೋಗಿತ್ತು. ಒಲಿ ಹಚ್ಚಾಕ ಬರಲಿಲ್ಲಂತ ಅಡಗಿನ ಬರೂದಿಲ್ಲ ಅಂದಂಗ ಆತು ಇದು.

ಇಂಥಾ ಸಾಫ್ಟ್‌ವೇರಿಗೆ ಐಡಿಇ ಅಂತಾರ. ಪ್ರೋಗ್ರಾಂ ಬರಿಯೂದು, ಓಡಸೂದು, ತಪ್ಪ ಹುಡಕೂದು ಎಲ್ಲಾ ಒಂದ ಕಡೆ. ಹೊಸಬರಿಗೆ ಸಣ್ಣ ಐಡಿಇನ ಕೊಡಬೇಕು ಅನ್ನೂದು ನನ್ನ ಅಭಿಪ್ರಾಯ. ಪಿಯುಸಿ ಓದಿದಾಕಿ ನೀ ಏನ ಹೇಳತೀ ಅನಬ್ಯಾಡ್ರಿ, ಬಾಜೂಕ ಕುಂತು ನೋಡಿ ಹೇಳಾಕ ಹತ್ತೀನಿ.

ನಮ್ಮ ಓಣ್ಯಾಗಿನ ಟೀಚರ್ ಒಬ್ಬರು ಥಾನಿ ಅಂತ ಒಂದು ಹೇಳಿದರು. ಎಸ್ಟೋನಿಯಾ ದೇಶದ ತಾರ್ತು ವಿಶ್ವವಿದ್ಯಾಲಯದಾಗ ಹೊಸದಾಗಿ ಕಲಿಯೋರ ಸಲುವಾಗೇ ಮಾಡಿದ್ದು. ಪುಕ್ಕಟೆ. ಪೈಥಾನ್ ಅದರ ಜೋಡೀನ ಬರತೈತಿ, ಬ್ಯಾರೆ ಹಾಕೂದು ಬ್ಯಾಡ. ಮ್ಯಾಲಿನ ಜಾಗಾದಾಗ ಬರಿಯೂದು, ಫೈಲಿಗೆ ಹೆಸರು ಕೊಟ್ಟು ಸೇವ್ ಮಾಡೂದು, ಎಫ್5 ಒತ್ತೂದು. ಕೆಳಗ ಉತ್ತರ ಬರತೈತಿ. ಇಷ್ಟ.

"ಮೊದಲ ಹಾಲಿನ ಲೆಕ್ಕ ಮಾಡವಾ" ಅಂದೆ. ದಿನಕ್ಕ ಎಷ್ಟು ಲೀಟರ್ ಅಂತ ಕಂಪ್ಯೂಟರ್ ಕೇಳಬೇಕು, 30 ದಿನಕ್ಕ ಗುಣಿಸಿ ಹೇಳಬೇಕು. ನಾಕ ಸಾಲಿನೊಳಗ ಬರದಳು. 2 ಅಂತ ಒತ್ತಿದಳು. 60 ಬರೂದು ಬಿಟ್ಟು 2222 ಅಂತ ಉದ್ದಕ ಸಾಲ ಬಂತು! ನಾ ಬೊಟ್ಟ ಇಟ್ಟು ಎಣಿಸಿದೆ, ಬರೋಬ್ಬರಿ ಮೂವತ್ತು ಎರಡು.

ಆಕಿ ಮಾರಿ ಮತ್ತ ಸಣ್ಣದಾತು. ಆದರ ಥಾನಿಯೊಳಗ ವೇರಿಯಬಲ್ಸ್ ಅಂತ ಒಂದು ಪಟ್ಟಿ ಐತಿ, ಯಾವ ಹೆಸರಿನ್ಯಾಗ ಏನೈತಿ ಅಂತ ತೋರಸತೈತಿ. ಅಲ್ಲಿ ನೋಡಿದರ ನಮ್ಮ 2ರ ಎರಡೂ ಕಡೆ ಉದ್ಧರಣ ಚಿಹ್ನೆ! ಕೀಬೋರ್ಡಿನಿಂದ ಕೇಳಿ ತಗೊಂಡಿದ್ದನ್ನ ಪೈಥಾನ್ ಅಕ್ಷರ ಅಂತ ಇಟ್ಟುಕೋತೈತಿ, ಅಂಕಿ ಅಂತಲ್ಲ. ಅಕ್ಷರಕ್ಕ 30ರಿಂದ ಗುಣಿಸು ಅಂದರ ಮೂವತ್ತು ಸಲ ಬರದು ಕೊಡತೈತಿ. ಇಂಟ್ ಅಂತ ಹಚ್ಚಿ ಅಂಕಿ ಮಾಡಿದಳು, 60 ಬಂತು. "ದೊಡ್ಡವ್ವ, ಅದು ನಾ ಹೇಳಿದ್ದನ್ನ ಮಾಡಿತ್ತಲ್ಲಾ!" ಅಂತ ನಕ್ಕಳು. ಹದಿನೈದು ದಿನದಾಗ ಮೊದಲನೇ ನಗಿ ಅದು.

ದೊಡ್ಡ ಐಡಿಇ ಬ್ಯಾಡ ಅನ್ನೂದಿಲ್ಲ. ಮುಂದ ನೂರಾರು ಫೈಲಿನ ಕೆಲಸಕ್ಕ ಅದು ಬೇಕಾಗತೈತಿ, ಆಕೀನೂ ಕಲೀತಾಳ. ಮೊದಲನೇ ವಾರಕ್ಕ ಮಾತ್ರ ಬ್ಯಾಡ.

ಅಕ್ಕಂದಿರಾ, ಮನ್ಯಾಗಿನ ಹುಡಿಗೇರು "ನನಗ ಬರೂದಿಲ್ಲ" ಅಂದರ "ಬಿಡು ಹಂಗಾರ" ಅನಬ್ಯಾಡ್ರಿ. ಬಾಜೂಕ ಕುಂತು, ಏನ ಬರವಲ್ತು ಅಂತ ಒಂದ ಸಲ ಕೇಳ್ರಿ. ನಮ್ಮಾಕಿ ಬಿಕಾಂ ಮಾತ ಬಿಟ್ಟಾಳ. ಈಗ ರೇಷನ್ ಲೆಕ್ಕ ಬರಿಯಾಕ ಹತ್ಯಾಳ.